ವುಝೂವಿನ ನೀರು, ಕುಡಿಯುವ ನೀರು

ಮದ್ರಸದಲ್ಲಿ ಫಿಕ್ಹ್ ಪಾಠ ಆರಂಭವಾಗುವುದು ನಮಾಝಿನಿಂದಲ್ಲ, ನೀರಿನಿಂದ. ಶುದ್ಧಿಯ ಅಧ್ಯಾಯವೇ ಮೊದಲನೆಯದು. ಯಾವ ನೀರು ಶುದ್ಧ, ಯಾವುದು ಅಶುದ್ಧ, ಹರಿಯುವ ನೀರಿನ ನಿಯಮವೇನು, ನಿಂತ ನೀರಿನ ನಿಯಮವೇನು, ಬಾವಿಯಲ್ಲಿ ಇಲಿ ಬಿದ್ದು ಸತ್ತರೆ ಎಷ್ಟು ಕೊಡ ನೀರನ್ನು ಸೇದಿ ಹೊರಚೆಲ್ಲಬೇಕು ಎಂಬುದನ್ನೆಲ್ಲ ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆವು. ಬಳಿಕ ಇಪ್ಪತ್ತು ವರ್ಷಗಳಿಂದ ಅದನ್ನೇ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ನೀರಿನ ವಿಷಯ ನಮಗೆ ತಿಳಿದಿದೆ ಎಂಬ ಭಾವನೆಯೂ ನಮ್ಮಲ್ಲಿತ್ತು. ಆ ಭಾವನೆ ಎಷ್ಟು ದುಬಾರಿಯಾಯಿತೆಂಬುದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಕೆಲವು ವರ್ಷಗಳ ಹಿಂದೆ ತುರುವೇಕೆರೆ ಸೀಮೆಯ ಒಂದು ಮದ್ರಸದಲ್ಲಿ ನಾವು ಪಾಠ ಹೇಳುತ್ತಿದ್ದೆವು. ಅಂಗಳದ ಸಂಪಿನ ಮುಚ್ಚಳ ಒಂದು ಮೂಲೆಯಲ್ಲಿ ಒಡೆದಿತ್ತು. ಪಕ್ಕದಲ್ಲೇ ಚರಂಡಿ. ಮಳೆಗಾಲದ ಒಂದು ಬೆಳಿಗ್ಗೆ ಒಂಬತ್ತು ವರ್ಷದ ಹುಡುಗನೊಬ್ಬ ಬಂದು ಕೇಳಿದ: "ಹಝ್ರತ್, ರಾತ್ರಿ ಮಳೆ ಬಂದಾಗ ಚರಂಡಿ ನೀರು ಸಂಪಿನ ತನಕ ಬಂದಿತ್ತು. ಈ ನೀರು ಕುಡಿಯಬಹುದಾ?"

ನಾವು ಎದ್ದು ಹೋಗಿ ಒಂದು ಲೋಟ ನೀರು ತೆಗೆದು ನೋಡಿದೆವು. ಬಣ್ಣ ಬದಲಾಗಿರಲಿಲ್ಲ, ವಾಸನೆ ಇರಲಿಲ್ಲ, ರುಚಿಯೂ ಎಂದಿನಂತೆಯೇ ಇತ್ತು. ಚರಂಡಿ ನೀರು ಒಳಗೆ ಹೋದದ್ದನ್ನು ಕಂಡವರಾರೂ ಇರಲಿಲ್ಲ. ನಾವು ಪಾಠದ ಧಾಟಿಯಲ್ಲೇ ಉತ್ತರಿಸಿದೆವು: "ಮಗು, ನೀರು ಮೂಲತಃ ಶುದ್ಧ. ಖಚಿತವಾದದ್ದನ್ನು ಅನುಮಾನವೊಂದು ಅಳಿಸಲಾರದು. ಕುಡಿ." ಹುಡುಗ ತಲೆಯಾಡಿಸಿ ಕುಡಿದ. ಉಳಿದ ಮಕ್ಕಳೂ ಕುಡಿದರು.

ಒಂದು ತಿಂಗಳು ಕಳೆಯುವಷ್ಟರಲ್ಲಿ ನಾಲ್ವರು ಮಕ್ಕಳಿಗೆ ಕಾಮಾಲೆಯಾಯಿತು. ಪ್ರಶ್ನೆ ಕೇಳಿದ ಹುಡುಗನೂ ಅವರಲ್ಲಿದ್ದ. ಆರೋಗ್ಯ ಸಹಾಯಕರೊಬ್ಬರು ಬಂದು ಸಣ್ಣ ಗಾಜಿನ ಬಾಟಲಿಯೊಂದರಲ್ಲಿ ಸಂಪಿನ ನೀರು ತುಂಬಿ, ಇದನ್ನು ಬೆಚ್ಚಗಿರುವ ಕಡೆ ಇಡಿ, ನಾಳೆ ಬರುತ್ತೇನೆ ಎಂದು ಹೋದರು. ಮರುದಿನ ಫಜ್ರ್ ನಮಾಝಿನ ನಂತರ ನಾವೇ ಹೋಗಿ ನೋಡಿದೆವು. ಬಾಟಲಿಯೊಳಗಿನ ನೀರು ಇದ್ದಿಲಿನಂತೆ ಕಪ್ಪಾಗಿತ್ತು. ಮಲದ ಮೂಲಕ ಬರುವ ರೋಗಾಣುಗಳು ನೀರಿನಲ್ಲಿರಬಹುದು ಎಂಬುದಕ್ಕೆ ಅದು ಗುರುತು. ನಾವು ಕಣ್ಣಿನಿಂದ, ಮೂಗಿನಿಂದ, ನಾಲಿಗೆಯಿಂದ ಪರೀಕ್ಷಿಸಿ ಒಪ್ಪಿದ ನೀರು ಅದೇ.

ಅಲ್ಲಾಹನ ಕೃಪೆಯಿಂದ ಮಕ್ಕಳೆಲ್ಲರೂ ಗುಣಮುಖರಾದರು. ಆ ಹುಡುಗನ ತಂದೆ ಒಂದು ಸಂಜೆ ಬಂದು ಸಲಾಮ್ ಹೇಳಿ, ಮಗನಿಗಾಗಿ ದುಆ ಮಾಡಿ ಎಂದಷ್ಟೇ ಕೇಳಿಕೊಂಡರು. ನಾವು ಮಗನಿಗೆ ಏನು ಹೇಳಿದ್ದೆವೆಂಬುದು ಅವರಿಗೆ ತಿಳಿದಿತ್ತು. ಆ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಎಡವಿದ್ದು ಎಲ್ಲಿ ಎಂದು ನಾವು ಬಹಳ ದಿನ ಯೋಚಿಸಿದೆವು. ಫಿಕ್ಹ್‌ನ ನಿಯಮದಲ್ಲಿ ತಪ್ಪಿರಲಿಲ್ಲ. ಅದನ್ನು ಅನ್ವಯಿಸಿದ ಸ್ಥಳ ತಪ್ಪಾಗಿತ್ತು. ಆರಾಧನೆಯ ವಿಷಯದಲ್ಲಿ ಶರೀಅತ್ ನೀರನ್ನು ಶುದ್ಧವೆಂದೇ ಭಾವಿಸಿ ಹೊರಡುತ್ತದೆ. ಅಶುದ್ಧವೆಂದು ಖಚಿತವಾಗುವ ತನಕ ವುಝೂ ಮಾಡಬಹುದು. ಇದು ಅಲ್ಲಾಹನು ದಾಸರಿಗೆ ತೋರಿದ ಕರುಣೆ. ಪ್ರತಿ ಹನಿಯನ್ನೂ ಶಂಕಿಸುತ್ತ ಕುಳಿತರೆ ನಮಾಝ್ ಹೊರೆಯಾಗಿಬಿಡುತ್ತದೆ. ಬಹುಕಾಲ ನಿಂತು ಪಾಚಿಗಟ್ಟಿ ಹಸಿರಾದ ನೀರಿನಲ್ಲೂ ವುಝೂ ಆಗುತ್ತದೆಂದು ವಿದ್ವಾಂಸರು ಹೇಳಿದ್ದು ಇದೇ ಕರುಣೆಯ ನೆಲೆಯಲ್ಲಿ. ಆದರೆ ಆ ಹಸಿರು ನೀರನ್ನು ಮಗುವಿಗೆ ಕುಡಿಸಿರಿ ಎಂದು ಅವರು ಹೇಳಲಿಲ್ಲ.

ಕುಡಿಯುವ ನೀರಿನ ಘಟಕವನ್ನು ಕಟ್ಟುವ ಎಂಜಿನಿಯರು ಹೊರಡುವುದು ಇದರ ಎದುರು ದಿಕ್ಕಿನಿಂದ. ಸುರಕ್ಷಿತವೆಂದು ಪರೀಕ್ಷೆಯಿಂದ ಖಚಿತವಾಗುವ ತನಕ ಯಾವ ನೀರನ್ನೂ ಆತ ನಂಬುವುದಿಲ್ಲ. ಮೊದಲು ಇದು ನಮಗೆ ವಿಚಿತ್ರವಾಗಿ ತೋರಿತು. ನಿಧಾನವಾಗಿ ಯೋಚಿಸಿದಾಗ ಇದೂ ಶರೀಅತ್‌ನದೇ ದಾರಿಯೆಂದು ಮನವರಿಕೆಯಾಯಿತು. ಜೀವರಕ್ಷಣೆ ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ಚರ್ಮದ ಚೀಲದ ಬಾಯಿ ಕಟ್ಟಿಡಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ತೆರೆದ ಪಾತ್ರೆಗೆ ರೋಗ ಇಳಿಯಬಹುದೆಂಬ ಎಚ್ಚರಿಕೆಯೂ ಅಲ್ಲಿದೆ. ಇಳಿದದ್ದನ್ನು ಕಂಡ ಮೇಲೆ ಮುಚ್ಚಿರಿ ಎಂದಲ್ಲ, ಇಳಿಯಬಹುದಾದ ಕಾರಣ ಮೊದಲೇ ಮುಚ್ಚಿರಿ ಎಂಬುದು ಆ ಪಾಠ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂಬ ನಿಷೇಧವೂ, ಜನ ನೀರಿಗೆ ಬರುವ ಜಾಗವನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂಬ ಎಚ್ಚರಿಕೆಯೂ ಇದೇ ಸಾಲಿನವು. ನಮ್ಮ ಸಂಪಿನ ಮುಚ್ಚಳ ಒಡೆದಿತ್ತು. ಅಂದು ನಮಗೆ ನೆನಪಾಗಬೇಕಾಗಿದ್ದದ್ದು ಈ ಹದೀಸ್.

ಆ ಬಳಿಕ ನಮ್ಮ ಲೋಟಕ್ಕೆ ಬರುವ ನೀರು ಎಲ್ಲಿಂದ, ಹೇಗೆ ಬರುತ್ತದೆಂದು ತಿಳಿಯುವ ಆಸೆ ಹುಟ್ಟಿತು. ತುರುವೇಕೆರೆಯ ಹೆಸರಿನಲ್ಲಿ ತುರುವೂ ಇದೆ, ಕೆರೆಯೂ ಇದೆ. ಹಳಗನ್ನಡದಲ್ಲಿ ತುರುವೆಂದರೆ ದನ. ಹೊಯ್ಸಳರ ಕಾಲದ ಅಗ್ರಹಾರವಾಗಿದ್ದ ಈ ಊರಿನ ಪಕ್ಕದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಮಳೆಯನ್ನು ಕೆರೆಯಲ್ಲಿ ಹಿಡಿದಿಟ್ಟು ಬದುಕಿದರು. ನಾವು ಕೊಳವೆಬಾವಿ ಕೊರೆದು ಬದುಕಿದೆವು. ತೆಂಗಿನ ತೋಟಗಳ ಬಾಯಾರಿಕೆ ಹೆಚ್ಚಿದಂತೆ ನೀರು ಕೆಳಗಿಳಿಯಿತು, ಕೊಳವೆಗಳು ಅದನ್ನು ಹುಡುಕುತ್ತ ಇನ್ನೂ ಕೆಳಗಿಳಿದವು. ಆಳದ ಕಲ್ಲಿನ ನಡುವಿನ ನೀರಿನಲ್ಲಿ ಫ್ಲೋರೈಡ್ ಬೆರೆತಿರುವುದು ತುಮಕೂರು ಜಿಲ್ಲೆಯ ಹಲವು ಕಡೆಯ ಹಳೆಯ ಸಂಕಟ. ಪಾವಗಡದ ಕಡೆ ಹೋದವರಿಗೆ ಅದರ ಗುರುತು ಜನರ ಹಲ್ಲಿನಲ್ಲೇ ಕಾಣುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಇದನ್ನು ಕುದಿಸುವುದರಿಂದ ತೆಗೆಯಲಾಗದು. ಸೂರಃ ಅಲ್ ಮುಲ್ಕ್ ಅನ್ನು ನಾವು ರಾತ್ರಿ ಮಲಗುವ ಮುನ್ನ ಓದುತ್ತೇವೆ. ನೆಲದಾಳಕ್ಕೆ ಇಂಗಿಹೋಗುವ ನೀರಿನ ಕುರಿತು ಮನುಷ್ಯನನ್ನು ಕೇಳುವ ಪ್ರಶ್ನೆಯೊಂದಿಗೆ ಆ ಸೂರಃ ಮುಗಿಯುತ್ತದೆ. ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ನಿಂತವನಿಗೆ ಆ ಪ್ರಶ್ನೆ ತನ್ನನ್ನೇ ಕೇಳಿದಂತೆ ಅನಿಸದಿರದು.

ಈ ಸೀಮೆಗೆ ನದಿಯ ನೀರು ಬಂದದ್ದು ಹೇಮಾವತಿಯಿಂದ. ಮೂಡಿಗೆರೆ ತಾಲೂಕಿನ ಮಲೆಯಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಈ ನದಿಗೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಅಲ್ಲಿಂದ ನಾಲೆಯಲ್ಲಿ ಹೊರಟ ನೀರು ಬಾಗೂರು-ನವಿಲೆಯ ಸುರಂಗದಲ್ಲಿ ದಿಣ್ಣೆಯನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ತುರುವೇಕೆರೆ ಪಟ್ಟಣಕ್ಕೆ ಮಲ್ಲಾಘಟ್ಟ ಕೆರೆ, ತಿಪಟೂರಿಗೆ ಈಚನೂರು ಕೆರೆ, ತುಮಕೂರಿಗೆ ಬುಗುಡನಹಳ್ಳಿ ಕೆರೆ, ಹೀಗೆ ಹಳೆಯ ಕೆರೆಗಳೇ ಹೊಸ ನದಿನೀರಿನ ಕಣಜಗಳಾಗಿವೆ. ನಾಲೆಯಲ್ಲಿ ನೀರು ಬರುವುದು ವರ್ಷದ ಕೆಲವು ತಿಂಗಳು ಮಾತ್ರ. ಬಂದಾಗ ತುಂಬಿಸಿಟ್ಟುಕೊಂಡು ಉಳಿದ ತಿಂಗಳುಗಳಲ್ಲಿ ಕುಡಿಯಬೇಕು. ಆದ್ದರಿಂದ ಇಲ್ಲಿ ಶುದ್ಧೀಕರಣದಷ್ಟೇ ಮುಖ್ಯವಾದದ್ದು ಸಂಗ್ರಹ.

ಸಂಗ್ರಹವೆಂದರೆ ಲೆಕ್ಕ. ಅಲ್ಲಾಹನು ಆಕಾಶದಿಂದ ನೀರನ್ನು ಒಂದು ಅಳತೆಯಲ್ಲಿ ಇಳಿಸುತ್ತಾನೆಂದು ಕುರ್‌ಆನ್ ಹೇಳುತ್ತದೆ. ಅಳೆದು ಕೊಟ್ಟದ್ದನ್ನು ಅಳೆದೇ ಬಳಸಬೇಕಲ್ಲವೆ? ಹದಿನೈದು ಸಾವಿರ ಜನರ ಒಂದು ಪಟ್ಟಣವನ್ನು ಕಲ್ಪಿಸಿಕೊಳ್ಳೋಣ. ಕೊಳಾಯಿ, ಒಳಚರಂಡಿಗಳಿರುವ ಪಟ್ಟಣಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಯೋಜನೆಗಳ ಅಳತೆ. ಹಳ್ಳಿಗಳಿಗೆ ಜಲಜೀವನ್ ಮಿಷನ್ 55 ಲೀಟರ್ ಎನ್ನುತ್ತದೆ. 135ರಂತೆ ಎಣಿಸಿದರೆ ಪಟ್ಟಣಕ್ಕೆ ದಿನಕ್ಕೆ ಸುಮಾರು 20 ಲಕ್ಷ ಲೀಟರ್ ಬೇಕು. ನಾಲೆ ಏಳು ತಿಂಗಳು ಬತ್ತಿರುತ್ತದೆ ಎಂದುಕೊಂಡರೆ 210 ದಿನಕ್ಕೆ 42 ಕೋಟಿ ಲೀಟರ್ ಕೂಡಿಡಬೇಕು. ಕೇಳಲು ದೊಡ್ಡದಾದರೂ ಇದು ಒಂದು ಟಿಎಂಸಿಯ ನೂರರಲ್ಲಿ ಒಂದೂವರೆ ಪಾಲು.

ಇನ್ನೊಬ್ಬ ಪಾಲುದಾರನನ್ನು ನಾವು ಮರೆತಿದ್ದೇವೆ. ಅವನು ಸೂರ್ಯ. ಬೇಸಿಗೆಯ ಬಿಸಿಲಿಗೆ ಕೆರೆಯ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೆ, ನೂರು ಎಕರೆಯ ಕೆರೆಯಿಂದ ದಿನವೊಂದಕ್ಕೆ ಹಾರಿಹೋಗುವುದು 20 ಲಕ್ಷ ಲೀಟರ್. ಇಡೀ ಪಟ್ಟಣ ಬಳಸುವಷ್ಟೇ ನೀರು! ಹಾಗಾಗಿ ಕೂಡಿಡಬೇಕಾದದ್ದು 42 ಕೋಟಿಯಲ್ಲ, ಅದರ ಇಮ್ಮಡಿ. ಅಷ್ಟೇ ನೀರನ್ನು ಇಪ್ಪತ್ತೈದು ಎಕರೆಯಲ್ಲಿ ನಾಲ್ಕು ಪಟ್ಟು ಆಳವಾಗಿ ಹಿಡಿದಿಟ್ಟರೆ ಸೂರ್ಯನ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಹೂಳು ತುಂಬಿ ಕೆರೆಯ ಅಂಗಳ ಮೇಲೆದ್ದಷ್ಟೂ ನೀರು ತೆಳುವಾಗಿ ಹರಡಿ ಬೇಗ ಆರುತ್ತದೆ. ಹೂಳೆತ್ತುವುದು ಬರೀ ಜಾಗ ಹೆಚ್ಚಿಸುವ ಕೆಲಸವಲ್ಲ, ಬಿಸಿಲಿನಿಂದ ನೀರನ್ನು ಕಾಯುವ ಕೆಲಸವೂ ಹೌದು.

ಕೂಡಿಡುವ ವಿದ್ಯೆ ತೆಂಗಿನ ನಾಡಿನವರಿಗೆ ಹೊಸದಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಇಟ್ಟು ಕಾದು ಉಂಡೆ ಕೊಬ್ಬರಿ ಮಾಡುವವರು ನಾವು. ಅಟ್ಟ ಸೋರಿದರೆ, ಗಾಳಿಯಾಡದಿದ್ದರೆ ಕೊಬ್ಬರಿ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಯೂಸುಫ್(ಅ)ರು ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಇರಿಸಿ ಬರಗಾಲಕ್ಕೆ ಕಾಪಿಡುವಂತೆ ಸೂಚಿಸಿದ ವೃತ್ತಾಂತ ಕುರ್‌ಆನ್‌ನಲ್ಲಿದೆ. ಎಷ್ಟು ಕೂಡಿಡಬೇಕೆಂಬುದರ ಜೊತೆಗೆ ಕೆಡದಂತೆ ಹೇಗೆ ಇಡಬೇಕೆಂಬುದೂ ಆ ಸೂಚನೆಯಲ್ಲಿ ಅಡಗಿದೆ.

ಕೆರೆಯಿಂದ ಕೊಳಾಯಿಯವರೆಗಿನ ದಾರಿಯನ್ನು ಅರಿಯಲು ನಾವು ಒಂದು ಶುದ್ಧೀಕರಣ ಘಟಕಕ್ಕೆ ಹೋದೆವು. ಅಲ್ಲಿನ ಸಿಬ್ಬಂದಿ ಬೇಸರಿಸದೆ ಎಲ್ಲವನ್ನೂ ತೋರಿಸಿದರು. ತಳದ ಕೆಸರೂ ಬೇಡ, ಮೇಲಿನ ಪಾಚಿಯೂ ಬೇಡವೆಂದು ನಡುವಿನ ಮಟ್ಟದಿಂದ ನೀರೆತ್ತುತ್ತಾರೆ. ಅದು ಮೆಟ್ಟಿಲುಗಳ ಮೇಲಿಂದ ಧುಮುಕುತ್ತ ಗಾಳಿಯೊಂದಿಗೆ ಬೆರೆಯುತ್ತದೆ. ಮುಂದೆ ಪಟಿಕದ ದ್ರಾವಣ ಸೇರುತ್ತದೆ. ತಾನಾಗಿ ತಳಕ್ಕಿಳಿಯದಷ್ಟು ನುಣುಪಾದ ಮಣ್ಣಿನ ಕಣಗಳನ್ನು ಪಟಿಕ ಒಂದಕ್ಕೊಂದು ಅಂಟಿಸಿ ಹತ್ತಿಯ ಎಳೆಯಂತಹ ಮುದ್ದೆ ಮಾಡುತ್ತದೆ. ನೀರನ್ನು ಮೊದಲು ರಭಸವಾಗಿ, ಬಳಿಕ ಮೆಲ್ಲಗೆ ಕಲಕಬೇಕು. ಮೆಲ್ಲಗೆ ಕಲಕದಿದ್ದರೆ ಕಟ್ಟಿದ ಮುದ್ದೆ ಒಡೆಯುತ್ತದೆ. ಎಷ್ಟು ಪಟಿಕ ಹಾಕಬೇಕೆಂಬುದು ದಿನದಿನಕ್ಕೂ ಬದಲಾಗುತ್ತದೆ. ಸಾಲಾಗಿ ಇಟ್ಟ ಗಾಜಿನ ಪಾತ್ರೆಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ, ಯಾವುದು ಚೆನ್ನಾಗಿ ತಿಳಿಯಾಗುತ್ತದೆಂದು ನೋಡಿ ನಿರ್ಧರಿಸುತ್ತಾರೆ. ಮಳೆ ಬಂದ ಮರುದಿನ ನಿನ್ನೆಯ ಪ್ರಮಾಣ ನಡೆಯುವುದಿಲ್ಲ.

ಮುದ್ದೆಗಳು ದೊಡ್ಡ ತೊಟ್ಟಿಯಲ್ಲಿ ತಳಕ್ಕಿಳಿದ ಮೇಲೆ ನೀರು ಮರಳಿನ ಪದರದ ಮೂಲಕ ಸೋಸಿ ಬರುತ್ತದೆ. ಮರಳು ಕಟ್ಟಿಕೊಂಡಾಗ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ಅದನ್ನೇ ತೊಳೆಯುತ್ತಾರೆ. ಇಷ್ಟಾದ ಮೇಲೆ ಕೊನೆಯಲ್ಲಿ ಕ್ಲೋರಿನ್. ಮೊದಲೇ ಕ್ಲೋರಿನ್ ಹಾಕಿದರೆ ಸಾಲದೆ ಎಂದು ನಾವು ಕೇಳಿದೆವು. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಅಡಗಿ ಕುಳಿತರೆ ಕ್ಲೋರಿನ್ ಅದನ್ನು ಮುಟ್ಟಲಾರದು, ಕ್ಲೋರಿನ್ನೇ ಕೊಳೆಯೊಂದಿಗೆ ಸೆಣಸಿ ಮುಗಿದುಹೋಗುತ್ತದೆ ಎಂದರು. ಕ್ಲೋರಿನ್ ಬೆರೆತ ನೀರು ಕನಿಷ್ಠ ಅರ್ಧ ಗಂಟೆ ನಿಲ್ಲಬೇಕು. ಅದು ಮನೆಯ ಕೊಳಾಯಿಯನ್ನು ತಲುಪಿದಾಗಲೂ ಲೀಟರಿಗೆ 0.2 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಬಂದೆರಗುವ ಕೊಳೆಯ ವಿರುದ್ಧ ಆ ಉಳಿಕೆಯೇ ಕಾವಲುಗಾರ.

ಕ್ಲೋರಿನ್ ವಾಸನೆಯ ನೀರಿನಲ್ಲಿ ವುಝೂ ಆಗುತ್ತದೆಯೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಆಗುತ್ತದೆ. ಶುದ್ಧ ವಸ್ತುವೊಂದು ಸ್ವಲ್ಪ ಬೆರೆತು ನೀರು ನೀರಾಗಿಯೇ ಉಳಿದರೆ ಅದರ ಶುದ್ಧಿಗೆ ಭಂಗವಿಲ್ಲ. ವಾಸನೆಗೆ ಬೇಸರಿಸಿ ಕಾವಲುಗಾರನನ್ನೇ ಮನೆಯಿಂದ ಅಟ್ಟಬೇಡಿರಿ.

ಈ ವಿದ್ಯೆ ಎಲ್ಲೋ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಬೀದರಿನ ನೌಬಾದ್ ಬಳಿ ನೆಲದಡಿಯಲ್ಲಿ ಕೊರೆದ ಕಾಲುವೆ, ಅದರುದ್ದಕ್ಕೂ ಗಾಳಿ ಬೆಳಕಿಗೆ ಬಾವಿಯಂತಹ ಕಿಂಡಿಗಳು, ಇವು ಇಂದಿಗೂ ಉಳಿದಿವೆ. ಜನ ಅದನ್ನು ಕಾರೇಜ್ ಎನ್ನುತ್ತಾರೆ. ಬಿಜಾಪುರದ ಆದಿಲ್‌ಶಾಹಿಗಳು ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಮ್ ತಾಲಾಬಿನಿಂದಲೂ ನಗರಕ್ಕೆ ನೀರು ತಂದರು. ದಾರಿಯಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಕೊಳವೆಯೊಳಗಿನ ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಮಣ್ಣು ತಳಕ್ಕಿಳಿಯುತ್ತಿತ್ತು. ನಮ್ಮ ನಾಡಿನ ಹಿಂದೂ ಸಹೋದರರ ಪರಂಪರೆಯಲ್ಲಿ ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲೊಂದು, ಕಟ್ಟಿಸಿದವನ ಬಳಿಕವೂ ಉಳಿಯುವ ಪುಣ್ಯ. ನಮ್ಮಲ್ಲಿ ಅದು ಸದಕ ಜಾರಿಯ. ಸಅದ್ ಬಿನ್ ಉಬಾದ(ರ)ರು ತೀರಿಹೋದ ತಾಯಿಗಾಗಿ ಬಾವಿ ತೋಡಿಸಿದರು. ಹಝ್ರತ್ ಉಸ್ಮಾನ್(ರ)ರು ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಭಾಷೆ ಬೇರೆಯಾದರೂ ಬಾಯಾರಿಕೆಯ ಮುಂದೆ ಎರಡು ಪರಂಪರೆಗಳೂ ಒಂದೇ ಮಾತಾಡುತ್ತವೆ.

ಆದರೆ ಇಂದು ಈ ಪುಣ್ಯ ನಮ್ಮಲ್ಲಿ ಹೇಗೆ ನಡೆಯುತ್ತಿದೆ? ಮಸೀದಿಗೆ ನೀರಿನ ಕೂಲರ್ ಕೊಡಿಸುತ್ತೇವೆ, ಮೇಲೆ ಮರಹೊಂದಿದವರ ಹೆಸರು ಬರೆಸುತ್ತೇವೆ. ಒಳಗಿನ ಫಿಲ್ಟರನ್ನು ಬದಲಿಸುವವರಾರೆಂದು ಕೇಳುವುದಿಲ್ಲ. ಆ ಫಿಲ್ಟರಿನಲ್ಲಿರುವ ಇಂಗಾಲ ನಮ್ಮದೇ ತೆಂಗಿನ ಚಿಪ್ಪನ್ನು ಸುಟ್ಟು ಮಾಡಿದ್ದಿರಬಹುದು. ವಾಸನೆ, ಬಣ್ಣಗಳನ್ನು ಹೀರಿ ಹೀರಿ ಅದರ ಶಕ್ತಿ ಒಂದು ದಿನ ಮುಗಿಯುತ್ತದೆ. ಆಮೇಲೂ ಅದನ್ನೇ ಬಿಟ್ಟರೆ ರೋಗಾಣುಗಳಿಗೆ ಮನೆಯಾಗುತ್ತದೆ. ಸದಕ ಜಾರಿಯ ಎಂದರೆ ನಿರಂತರವಾಗಿ ಹರಿಯುವ ದಾನ. ನಿರ್ವಹಣೆಗೆ ಏನನ್ನೂ ತೆಗೆದಿರಿಸದ ದಾನ ಎಷ್ಟು ದಿನ ಹರಿದೀತು?

ಘಟಕದಿಂದ ಹೊರಟ ನೀರು ಎಷ್ಟೇ ಶುದ್ಧವಾಗಿರಲಿ, ಕೆಡುವುದು ಹೆಚ್ಚಾಗಿ ಕೊನೆಯ ನೂರು ಅಡಿಯಲ್ಲಿ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಕೊಳವೆ ಬಹುಕಾಲ ಖಾಲಿಯಿರುತ್ತದೆ. ಬಿರುಕಿದ್ದ ಕಡೆ ಪಕ್ಕದ ಚರಂಡಿಯ ನೀರು ಒಳಕ್ಕೆ ಸೋರಿಬಿಡುತ್ತದೆ. ಅಲ್ಲಿಂದ ಮುಂದೆ ಸಂಪು, ಟ್ಯಾಂಕು, ಬಿಂದಿಗೆ. ಇಷ್ಟು ದಾರಿ ಯಾವ ಇಲಾಖೆಯದೂ ಅಲ್ಲ, ನಮ್ಮದು. ಮೊದಲು ಕೆರೆಗೊಬ್ಬ ನೀರುಗಂಟಿ ಇದ್ದ. ತೂಬನ್ನು ಕಾಯುವ ಹೊಣೆ ಅವನದಾಗಿತ್ತು. ಪ್ರತಿ ಮಸೀದಿ, ಪ್ರತಿ ಮದ್ರಸಕ್ಕೂ ಅಂತಹ ಒಬ್ಬ ನೀರುಗಂಟಿ ಬೇಕು. ಸಂಪಿಗೆ ಭದ್ರವಾದ ಮುಚ್ಚಳವಿರಲಿ, ಅದರ ಅಂಚು ನೆಲಕ್ಕಿಂತ ಎತ್ತರವಿರಲಿ, ಟ್ಯಾಂಕು ಕೆಲವು ತಿಂಗಳಿಗೊಮ್ಮೆ ಬರಿದಾಗಿ ತೊಳೆಯಲ್ಪಡಲಿ. ಕೊಳಾಯಿ ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲವೆಂದಾದರೆ, ತಿಳಿಯಾದ ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆ ಕಾದು ಬಳಸಬಹುದು. ಹಳೆಯ ಪುಡಿಗೆ ಸತ್ವವಿರದು. ಆದ್ದರಿಂದ ಪರೀಕ್ಷೆ ಮಾಡದೆ ನಂಬಬಾರದು.

ಇನ್ನು ಮಿತಿ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ, ಎಂದರೆ ಸರಿಸುಮಾರು ಒಂದು ಲೀಟರಿನೊಳಗೆ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಾವು ಕೊಳಾಯಿಯನ್ನು ಪೂರ್ತಿ ತಿರುಗಿಸಿ, ತೋಳು ಮಡಿಸುತ್ತ ಪಕ್ಕದವರೊಡನೆ ಮಾತಾಡುತ್ತೇವೆ. ಗೊರೂರಿನಿಂದ ಸುರಂಗ ದಾಟಿ, ಬಿಸಿಲನ್ನು ತಪ್ಪಿಸಿಕೊಂಡು, ಮರಳಿನಲ್ಲಿ ಸೋಸಿ ಬಂದ ನೀರು ಆಗ ಮೋರಿಗೆ ಹರಿಯುತ್ತಿರುತ್ತದೆ. ಹೇಮಾವತಿಯ ಪಾಲಿಗಾಗಿ ತಾಲೂಕು ತಾಲೂಕುಗಳ ನಡುವೆ ಜಗಳವಾಗುವ ಕಾಲವಿದು. ನಮ್ಮ ಪಾಲನ್ನು ಕೇಳುವುದು ತಪ್ಪಲ್ಲ, ಆದರೆ ಕೇಳುವ ನಾಲಿಗೆಗೆ ಮುಂಚೆ ಕೊಳಾಯಿ ತಿರುಗಿಸುವ ಕೈ ನ್ಯಾಯ ಪಾಲಿಸಲಿ.

ಈಗ ಶುದ್ಧಿಯ ಅಧ್ಯಾಯವನ್ನು ಕಲಿಸುವಾಗ ನಾವು ಮಕ್ಕಳಿಗೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಹೇಳಿಕೊಡುತ್ತೇವೆ. ಈ ನೀರಿನಲ್ಲಿ ವುಝೂ ಆಗುತ್ತದೆಯೇ ಎಂಬುದು ಒಂದು. ಇದನ್ನು ನನ್ನ ತಮ್ಮನಿಗೆ ಕುಡಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಿತಾಬು ನೋಡುತ್ತೇವೆ. ಎರಡನೆಯದಕ್ಕೆ ಕಿತಾಬನ್ನು ಮುಚ್ಚಿ, ಮಕ್ಕಳೊಂದಿಗೆ ಅಂಗಳಕ್ಕೆ ಹೋಗಿ, ಪರೀಕ್ಷೆಯ ಕೊಳವೆಗೆ ನೀರು ತುಂಬಿ, ಔಷಧದ ಹನಿ ಹಾಕಿ ಹಳದಿ ಬಣ್ಣ ಮೂಡುತ್ತದೆಯೇ ಎಂದು ನೋಡುತ್ತೇವೆ. ಮೂಡದಿದ್ದ ದಿನ ಕುಡಿಯುವ ನೀರನ್ನು ಕುದಿಸುತ್ತೇವೆ. ಅನುಮಾನದಿಂದ ಪ್ರಶ್ನೆ ಕೇಳಿದ ಮಗುವಿಗೆ ಬಾಯಿಪಾಠದ ಉತ್ತರ ಕೊಟ್ಟು ಕಳುಹಿಸುವುದನ್ನು ನಾವು ಬಿಟ್ಟಿದ್ದೇವೆ.

ನಾಳೆ ಅಲ್ಲಾಹನು ಪ್ರತಿಯೊಂದು ಅನುಗ್ರಹದ ಕುರಿತು ವಿಚಾರಿಸಲಿದ್ದಾನೆ. ನಮ್ಮ ವಶದಲ್ಲಿದ್ದ ನೀರು ಯಾರಿಗೂ ರೋಗವಾಗದಂತೆ, ಯಾರ ಪಾಲೂ ಕಡಿಮೆಯಾಗದಂತೆ ಕಾಯುವ ತೌಫೀಕ್ ಅವನು ನಮಗೆ ಕರುಣಿಸಲಿ. ತಿಳಿಯದೆ ಮಾಡಿದ್ದನ್ನು ಕ್ಷಮಿಸಲಿ, ತಿಳಿದ ಮೇಲೂ ಮರೆಯದಂತೆ ನಮ್ಮನ್ನು ಎಚ್ಚರವಾಗಿಡಲಿ. ಆಮೀನ್.